ಮಾವನವರ ಕುರ್ಚಿ

ಮನೆಯಿಂದ ಕೆಲಸ ಮಾಡುವವರೆಲ್ಲ ಬೆಳಗ್ಗೆಯಿಂದ ಸಂಜೆವರೆಗೆ ಕ್ಯಾಮೆರಾ ಆನ್ ಇಟ್ಟುಕೊಂಡೇ ಕೂರಬೇಕು ಅಂತ ಮ್ಯಾನೇಜರ್ ಕಟ್ಟಪ್ಪಣೆ ಮಾಡಿದ್ದ. ಕಣ್ಣು ತಪ್ಪಿದರೆ ಸಾಕು, ಇವರೆಲ್ಲ ಕಾಲು ಚಾಚಿ ಮಲಗುವ ಪೈಕಿ ಅನ್ನುವುದು ಅವನ ಲೆಕ್ಕ. ಎಲ್ಲರಿಗೂ ಒಂದೇ ಕಾನೂನು ಅಂತ ತನ್ನ ಕ್ಯಾಮೆರಾವನ್ನೂ ಹಾಕಿಕೊಂಡಿದ್ದ. ಪರದೆಯ ಮೇಲೆ ಹನ್ನೊಂದು ಚೌಕ, ಹನ್ನೊಂದು ಜನ. ಅವರಲ್ಲೊಬ್ಬಳು ಅನುವಾದಕಿ; ಅವಳ ಚೌಕದಲ್ಲಿ ಮಾತ್ರ ಎರಡು ತಲೆ. ಅವಳ ಹಿಂದೆ ಮುದುಕರೊಬ್ಬರು ಮೂರು ದಿನದಿಂದ ಕುರ್ಚಿ ಹಾಕಿಕೊಂಡು ಕಣ್ಣು ಪಿಳುಕಿಸುತ್ತಾ ಕೂತಿದ್ದರು.

ಮ್ಯಾನೇಜರಿಗೆ ರೇಗಿತು. "ಯಾರಮ್ಮ ಅದು? ಕೆಲಸದ ಹೊತ್ತಲ್ಲಿ ಹೊರಗಿನವರು ಇರಬಾರದು ಅಂದಿದ್ನಲ್ಲ?"

"ನಮ್ಮ ಮಾವ, ಸರ್. ಗಿರಣಿಯಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ರು. ನೀವು ಹೀಗೆ ಕಾಯೋದು ನೋಡಿ ಅವರಿಗೂ ಹುರುಪು ಬಂದಿದೆ," ಅಂದಳು ಅವಳು, ಟೈಪ್ ಮಾಡುವುದನ್ನು ನಿಲ್ಲಿಸದೆ.

ಮ್ಯಾನೇಜರ್ ಮೆತ್ತಗಾದ. ತನ್ನ ಕಸುಬಿನವರೇ ಸಿಕ್ಕರಲ್ಲ ಅಂತ ಒಳಗೊಳಗೇ ಖುಷಿ. "ಹಾಗಾದ್ರೆ ನೀವೇ ಹೇಳಿ ಯಜಮಾನ್ರೇ, ಸೊಸೆ ಸರಿಯಾಗಿ ಕೆಲಸ ಮಾಡ್ತಾರಾ?"

ಮುದುಕರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು.

"ಬೆಳಗ್ಗೆ ಕೂತವಳು ಇನ್ನೂ ಎದ್ದಿಲ್ಲಪ್ಪ. ಅವಳನ್ನೇನು ನೋಡೋದು? ನಾನು ಕಾಯ್ತಿರೋದು ನಿನ್ನನ್ನ. ನೀನು ನಾಲ್ಕು ಸಲ ಎದ್ದು ಹೋದೆ, ಊಟ ಆದ್ಮೇಲೆ ಕೂತಲ್ಲೇ ತೂಕಡಿಸಿದೆ."