ಹೊರಮಾವಿನ ದನಿ

ಶ್ವಾಸಕೋಶ ಸೋಲತೊಡಗಿದ ಮೇಲೆ ಅಂಜನಮೂರ್ತಿಯವರು ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟರು. ಎರಡು ಪದಕ್ಕೊಮ್ಮೆ ಉಸಿರಿಗಾಗಿ ನಿಲ್ಲಬೇಕಿತ್ತು. ಅಷ್ಟರಲ್ಲಿ ಆ ಕಡೆಯವರು ಕನಿಕರದಿಂದ ಅವರ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಹವ್ಯಾಸಿಗಳ ಹ್ಯಾಮ್ ರೇಡಿಯೊದಲ್ಲಿ ಹಾಗಲ್ಲ. ಒಬ್ಬರು ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಇನ್ನೊಬ್ಬರು ಕೇಳಲೇಬೇಕು. ಹೆಂಡತಿ ಬೃಂದಾ ಜೊತೆಗಿದ್ದ ಹೊರಮಾವಿನ ಮನೆಯ ಹಾಸಿಗೆಯಿಂದಲೇ ಅವರು ಪುಟ್ಟ ಸೆಟ್ಟು ಹಿಡಿದು ಪ್ರತಿ ಸಂಜೆ ಗೆಳೆಯ ಕೃಷ್ಣಸ್ವಾಮಿಯವರನ್ನು ಕರೆಯುತ್ತಿದ್ದರು. ಇಬ್ಬರೂ ಕಾರ್ಖಾನೆಯಲ್ಲಿ ಒಂದೇ ಬೆಂಚಿನಲ್ಲಿ ದುಡಿದವರು, ಒಟ್ಟಿಗೇ ಹ್ಯಾಮ್ ಲೈಸೆನ್ಸ್ ಪಡೆದವರು.

ಕೃಷ್ಣಸ್ವಾಮಿಯವರ ಮನೆ ಸರ್ವಜ್ಞನಗರದ ಅಪಾರ್ಟ್‌ಮೆಂಟೊಂದರ ನೆಲಮಹಡಿ. ಆಂಟೆನಾ ಐದು ಮಹಡಿ ಮೇಲೆ, ತಾರಸಿಯ ಆಚೆ ತುದಿಯಲ್ಲಿ. ನಡುವಿನ ತೆಳ್ಳನೆಯ ಕೇಬಲ್ ಅಷ್ಟು ದೂರದಲ್ಲಿ ಸಿಗ್ನಲ್ಲಿನ ಬಹುಪಾಲನ್ನು ನುಂಗಿಬಿಡುತ್ತಿತ್ತು. ಕೇಳಿಸಲಿಲ್ಲ ಎಂದರೆ ಅಂಜನಮೂರ್ತಿ ಮತ್ತೆ ಹೇಳಬೇಕು, ಅದಕ್ಕೆ ಉಸಿರು ಬೇಕು. ಹಾಗಾಗಿ ಕೃಷ್ಣಸ್ವಾಮಿ ಎಷ್ಟೋ ಸಲ ಕೇಳಿಸಿದಂತೆ ನಟಿಸುತ್ತಿದ್ದರು.

ಸೆಟ್ಟಿನ ಪಕ್ಕ ಆಂಪ್ಲಿಫೈಯರ್ ಇಡೋಣ ಎಂದಳು ಸೊಸೆ ಆಶ್ರಿತಾ. ದಾರಿಯಲ್ಲಿ ಕಳೆದುಹೋದದ್ದನ್ನು ಕೆಳಗೆ ಬಂದ ಮೇಲೆ ಹಿಗ್ಗಿಸಿದರೆ ಗೊರಗೊರ ಸದ್ದೂ ಹಿಗ್ಗುತ್ತದೆ ಎಂದರು ಮಾವ. ಶಿವಾಜಿನಗರದ ಬಷೀರ್ ಅಂಗಡಿಯಲ್ಲಿ ಹೆಬ್ಬೆರಳು ಗಾತ್ರದ ಕೇಬಲ್ ಇತ್ತು. ಅದರಲ್ಲಿ ಸಿಗ್ನಲ್ಲಿನ ನಷ್ಟ ತೀರಾ ಕಡಿಮೆ. ಆದರೆ ಮೂಲೆಯಲ್ಲಿ ಬಾಗದು, ಬಲವಂತವಾಗಿ ಮಡಿಸಿದರೆ ಒಳಗಿನ ತಂತಿ ಸರಿದು ಕೆಡುತ್ತದೆ ಎಂದು ಬಷೀರ್ ಎಚ್ಚರಿಸಿದ. ಅದಕ್ಕಿಂತ ತುಸು ಸಣ್ಣದು ಬಾಗುತ್ತಿತ್ತು. ಅದನ್ನೇ ನಡುವೆ ಜೋಡಣೆಯಿಲ್ಲದಂತೆ ಒಂದೇ ತುಂಡಾಗಿ ಕತ್ತರಿಸಿಕೊಂಡರು. ಭಾನುವಾರ ಆಶ್ರಿತಾ ಕೇಬಲ್ಲಿಗೆ ಹಗ್ಗ ಕಟ್ಟಿ ತಾರಸಿಯಿಂದ ಇಳಿಬಿಟ್ಟಳು; ಕೃಷ್ಣಸ್ವಾಮಿ ಕೆಳಗೆ ನಿಂತು ಹಿಡಿದುಕೊಂಡರು. ಕೊನೆಗಳಿಗೆ ನೀರು ಇಳಿಯದಂತೆ ರಬ್ಬರ್ ಟೇಪು ಸುತ್ತಿದರು.

ಸಂಜೆ ಗೆಳೆಯನ ದನಿ ಬಂತು, ಗೊರಗೊರ ಇಲ್ಲದೆ. ಜೊತೆಗೇ ಆಕ್ಸಿಜನ್ ಯಂತ್ರದ ಗುಯ್ಗುಟ್ಟುವಿಕೆ, ಎದೆಯೊಳಗಿನ ಸಿಳ್ಳು. ಇಷ್ಟು ದಿನ ಹಳೆಯ ಕೇಬಲ್ ಮುಚ್ಚಿಟ್ಟದ್ದು ಎಷ್ಟೆಂದು ಕೃಷ್ಣಸ್ವಾಮಿಗೆ ಆಗ ತಿಳಿಯಿತು.

"ಹೇಗ್ ಕೇಳಿಸ್ತಿದೀನಿ?"

"ಪಕ್ಕದಲ್ಲೇ ಕೂತಂಗಿದೆ ಕಣೋ."

ಆಮೇಲೆ ಅಂಜನಮೂರ್ತಿ, "ಬೃಂದಾ ದೇವಸ್ಥಾನಕ್ಕೆ ಹೋಗಿದಾಳೆ. ನಂಗೆ... ಮಲಗೋಕೆ ಭಯ ಆಗತ್ತೆ, ಕೃಷ್ಣ. ಅವಳಿಗೆ ಹೇಳಿಲ್ಲ," ಎಂದರು.

"ಹೇಳು, ನಾನಿಲ್ಲೇ ಇದೀನಿ," ಎಂದಷ್ಟೇ ಹೇಳಿ ಕೃಷ್ಣಸ್ವಾಮಿ ಗುಂಡಿ ಬಿಟ್ಟರು. ಅಂದಿನಿಂದ ಗೆಳೆಯ ಏನನ್ನೂ ಎರಡನೆಯ ಸಲ ಹೇಳಬೇಕಾಗಲಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಬೃಂದಾ ಫೋನ್ ಮಾಡಿದರು. ನಿದ್ದೆಯಲ್ಲೇ ಹೋದರಂತೆ. ಮಣ್ಣು ಮುಗಿಸಿ ಬಂದ ಕೃಷ್ಣಸ್ವಾಮಿ ಸ್ನಾನ ಮಾಡಿ ಸೆಟ್ಟಿನ ಮುಂದೆ ಕೂತು, ರೇಡಿಯೊದಲ್ಲಿ ಅಂಜನಮೂರ್ತಿಯ ಹೆಸರಾಗಿದ್ದ ಕರೆಸಂಕೇತವನ್ನು ಅಕ್ಷರ ಅಕ್ಷರವಾಗಿ ಉಚ್ಚರಿಸಿ, ಆ ಕರೆ ಇನ್ನು ಬರುವುದಿಲ್ಲ ಎಂದರು. ಕೆ.ಆರ್. ಪುರ, ಹಲಸೂರು, ಇಂದಿರಾನಗರಗಳಿಂದ ಕೇಳುತ್ತಿದ್ದ ಹವ್ಯಾಸಿಗಳು ವಿದಾಯವಾಗಿ ಒಬ್ಬೊಬ್ಬರೇ ತಮ್ಮ ಸಂಕೇತ ಹೇಳಿ ಗುಂಡಿ ಬಿಟ್ಟರು. ಆಶ್ರಿತಾ ಬಾಗಿಲಲ್ಲಿ ನಿಂತು ಎಲ್ಲರದೂ ಮುಗಿಯುವವರೆಗೆ ಕೇಳಿಸಿಕೊಂಡಳು.