ಬ್ರೆಡ್ಡಿನ ವ್ಯಾನಿನಲ್ಲಿ ಮೇಷ್ಟ್ರು

ಬ್ರೆಡ್ಡಿನ ಟ್ರೇ ಇಡುವ ಕೊನೆಯ ಸ್ಟ್ಯಾಂಡನ್ನು ಅವಳು ವ್ಯಾನಿನಿಂದ ಹೊರಗೆಳೆದು ಗೋಡೆಗೆ ಒರಗಿಸುವಷ್ಟರಲ್ಲಿ ಚಿಕ್ಕಪ್ಪ ಮನೆಯೊಳಗಿಂದ ಓಡಿಬಂದ.

“ಏನೇ ಇದು? ಹತ್ತು ಗಂಟೆಗೆ ಹೆಣ ಸಾಗಿಸೋ ಗಾಡಿ ಬರುತ್ತೆ ಅಂತ ಹೇಳಿದ್ನಲ್ಲ?”

“ಬರಲ್ಲ. ಬೇಡ ಅಂತ ಫೋನ್ ಮಾಡಿದೆ. ಅಪ್ಪನ್ನ ನಾನೇ ಕರ್ಕೊಂಡ್ ಹೋಗ್ತೀನಿ.”

“ಇದರಲ್ಲಾ? ಅಣ್ಣ ಏನ್ ಹೇಳಿದ್ದ ಅಂತ ಮರೆತೋಯ್ತಾ ನಿಂಗೆ?”

“ಮರೆತಿಲ್ಲ ಚಿಕ್ಕಪ್ಪ. ಅದಕ್ಕೇ.”

ಮರೆಯುವ ಮಾತೇ ಅದು? ಆರು ವರ್ಷದ ಹಿಂದೆ ಡ್ರೈವರ್ ಕೆಲಸಕ್ಕೆಂದು ಬೇಕರಿಯವರು ಕೊಟ್ಟ ಈ ವ್ಯಾನನ್ನು ಮನೆ ಮುಂದೆ ತಂದು ನಿಲ್ಲಿಸಿ, “ಬಾಪ್ಪಾ, ಒಂದು ಸುತ್ತು ಹೋಗ್ಬರೋಣ” ಎಂದು ಕರೆದಿದ್ದಳು. ಅಪ್ಪ ಪೇಪರಿನಿಂದ ತಲೆ ಎತ್ತಿರಲಿಲ್ಲ. “ನೀನು ಓಡಿಸೋ ಗಾಡೀಲಿ ನನ್ನ ಹೆಣಾನೂ ಹೋಗಲ್ಲ” ಎಂದಿದ್ದ. ಪಕ್ಕದ ಮನೆಯವರು ಕಾಂಪೌಂಡಿನಾಚೆ ಕಿಸಕ್ಕನೆ ನಕ್ಕಿದ್ದರು. ಅಂದಿನಿಂದ ಅವಳು ಹಲ್ಲು ಕಚ್ಚಿಕೊಂಡು ಕಾದಿದ್ದಳು. ಇವತ್ತು ಹೆಣ ಹೋಗುತ್ತದೆ, ಅದೂ ಬನ್ನಿನ ವಾಸನೆಯ ಗಾಡಿಯಲ್ಲಿ. ಬೇಡ ಎನ್ನಲು ಈಗ ಅವನಿಗೆ ಬಾಯಿಲ್ಲ.

ಹಾಲ್‌ನಲ್ಲಿ ಅಪ್ಪನನ್ನು ಮಲಗಿಸಿದ್ದ ಪೆಟ್ಟಿಗೆಯ ಸುತ್ತ ಶಿಷ್ಯರು ತುಂಬಿಕೊಂಡಿದ್ದರು. ಮೂವತ್ತೈದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿ ಊರಿನ ಅರ್ಧಕ್ಕರ್ಧ ಜನರ ಕೈಗೆ ಸ್ಟಿಯರಿಂಗ್ ಕೊಟ್ಟ ಮೇಷ್ಟ್ರು ಅವನು. ಅವನ ಕಾರಿನಲ್ಲಿ ಎರಡು ಬ್ರೇಕ್. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲಡಿ.

ಆಸ್ಪತ್ರೆಯ ನರ್ಸ್ ಒಬ್ಬಳು ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದಳು. “ನಾನು ಗಡಗಡ ನಡುಗ್ತಿದ್ದೆ. ಮೇಷ್ಟ್ರು ಏನ್ ಮಾಡಿದ್ರು ಗೊತ್ತಾ? ಎರಡೂ ಕಾಲು ಸೀಟಿನ ಮೇಲೆ ತಗೊಂಡು ಚಕ್ಕಳಮಕ್ಕಳ ಹಾಕಿ ಕೂತ್ಬಿಟ್ರು! ‘ನೋಡಮ್ಮ, ನನ್ನ ಕಾಲು ಬ್ರೇಕ್ ಹತ್ರಾನೇ ಇಲ್ಲ. ನಿನ್ನ ಮೇಲೆ ನಂಗೆ ನಂಬಿಕೆ ಇದೆ, ಹೋಗು’ ಅಂದ್ರು. ಅವತ್ತೇ ಹೋಯ್ತು ನೋಡಿ ನನ್ನ ಭಯ. ಹೆತ್ತ ಅಪ್ಪಾನೂ ನಂಗೆ ಹಾಗೆ ಹೇಳಿರ್ಲಿಲ್ಲ.”

“ನಂಗೂ ಹೇಳಿರ್ಲಿಲ್ಲ” ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು.

ಯಾರೋ ಕೆಮ್ಮಿದರು. ಮಗಳಿಗೆ ಹಿತವಾಯಿತು, ಸುಳ್ಳೇಕೆ.

*

ಅವಳಿಗಾಗ ಹತ್ತೊಂಬತ್ತು. ಪಕ್ಕದಲ್ಲಿ ಅಪ್ಪ, ಹಿಂದಿನ ಸೀಟಿನಲ್ಲಿ ಅಮ್ಮ. ಮೂರು ವಾರದಿಂದ ಇದೇ ಗೋಳು. ಗಾಡಿ ನಾಲ್ಕು ಮಾರು ಹೋಗುವುದು, ಮುಗ್ಗರಿಸಿ ಆಫ್ ಆಗುವುದು. “ಮತ್ತೆ ಆಫ್ ಮಾಡ್ದ್ಯಾ ಪುಕ್ಕಲಿ?” ಎಂದು ಅಪ್ಪ ಹಣೆ ಚಚ್ಚಿಕೊಳ್ಳುವುದು. ತನ್ನ ಕಾಲಿನಲ್ಲೇ ಏನೋ ಐಬಿದೆ ಎಂದು ಅವಳು ರಾತ್ರಿಯೆಲ್ಲ ಮಂಚದ ಕಾಲನ್ನು ಕ್ಲಚ್ ಮಾಡಿಕೊಂಡು ಅಭ್ಯಾಸ ಮಾಡುತ್ತಿದ್ದಳು.

ಆ ದಿನ ಯಾಕೋ ಕೆಳಗೆ ನೋಡಿದಳು. ಅಪ್ಪನ ಶೂ ಅವನ ಬ್ರೇಕಿನ ಮೇಲೆ ಒತ್ತಿ ಕೂತಿತ್ತು.

“ಅಪ್ಪಾ, ಆಫ್ ಮಾಡ್ತಿರೋದು ನೀನು!”

“ನಾನು ಒತ್ತದಿದ್ರೆ ನೀನು ಯಾರಿಗೋ ಗುದ್ದಿರ್ತಿದ್ದೆ. ಇಳಿ ಕೆಳಗೆ. ನಿನ್ನ ಕೈಲಾಗಲ್ಲ.”

ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಅವಳು ಅಮ್ಮನ ಕಡೆ ತಿರುಗಿದಳು. ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

ಮುಂದೆ ಹನ್ನೆರಡು ವರ್ಷ ಅವಳು ಸ್ಟಿಯರಿಂಗ್ ಮುಟ್ಟಲಿಲ್ಲ. ಕೊನೆಗೆ ಬೇಕರಿಯ ಮುದಿ ಡ್ರೈವರ್, “ಈ ಗಾಡೀಲಿ ಇರೋದು ಒಂದೇ ಬ್ರೇಕು, ಅದು ನಿನ್ನ ಕಾಲಡೀಲಿದೆ ಮಗಾ” ಎಂದು ಹೇಳಿ ಹನ್ನೆರಡು ದಿನದಲ್ಲಿ ಕಲಿಸಿದ.

*

“ಅತ್ತಿಗೆ, ನೀವಾದ್ರೂ ಹೇಳಿ ಇವಳಿಗೆ” ಎಂದ ಚಿಕ್ಕಪ್ಪ, ವ್ಯಾನಿಗೆ ಅಡ್ಡ ನಿಂತು.

ಅಮ್ಮ ಹೊರಗೆ ಬಂದಳು. ಆಸ್ಪತ್ರೆಯ ಕುರ್ಚಿಯಲ್ಲಿ ಮೂರು ವಾರ ಕಳೆದ ಹೆಂಗಸು, ನಿಂತಲ್ಲೇ ತೂಕಡಿಸುತ್ತಿದ್ದಳು. ವ್ಯಾನಿನ ಮುಂದಿನ ಬಾಗಿಲು ತೆಗೆದು, ಹತ್ತಿ ಕೂತು, ಮಡಿಲಲ್ಲಿ ಕೈಯಿಟ್ಟುಕೊಂಡಳು. ಇನ್ನೇನು ಮಾತು? ಶಿಷ್ಯರು ಪೆಟ್ಟಿಗೆ ತಂದು ಹಿಂದೆ ಸೇರಿಸಿದರು.

ಮಗಳ ಮನಸ್ಸು ಇದಕ್ಕೆಲ್ಲ ಕರಗಲಿಲ್ಲ. ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಏಳು ಹಂಪ್‌ಗಳಿದ್ದವು. ಏಳನ್ನೂ ಅವಳು ಎಣಿಸಿಟ್ಟುಕೊಂಡಿದ್ದಳು. ಆರು ವರ್ಷದಲ್ಲಿ ಒಂದು ಕೇಕಿನ ಅಂಚೂ ಮುಕ್ಕಾಗದಂತೆ ಗಾಡಿ ಓಡಿಸಿದವಳು, ಇವತ್ತು ಮೇಷ್ಟ್ರನ್ನು ಏಳು ಸಲ ಕುಲುಕಿ ಕಳಿಸುವುದೆಂದು ತೀರ್ಮಾನಿಸಿದ್ದಳು.

ಮೊದಲನೆಯ ಹಂಪನ್ನು ವೇಗ ಇಳಿಸದೆ ಹಾರಿಸಿದಳು. ಹಿಂದೆ ಪೆಟ್ಟಿಗೆ ಧಡ್ ಎಂದಿತು.

“ಹೆಂಗಿದೆ ಅಪ್ಪಾ? ನೀನು ಬ್ರೇಕ್ ಒತ್ತಿದಾಗ ನಂಗೂ ಹಿಂಗೇ ಆಗ್ತಿತ್ತು” ಎಂದಳು ಕನ್ನಡಿ ನೋಡುತ್ತ.

ಅಮ್ಮ ಬಯ್ಯುತ್ತಾಳೆಂದುಕೊಂಡಳು. ಅಮ್ಮ ಎದುರಿನ ಗಾಜನ್ನೇ ನೋಡುತ್ತ, “ಅವತ್ತು ರಸ್ತೇಲಿ ಯಾರೂ ಇರ್ಲಿಲ್ಲ. ನಾನು ನೋಡಿದ್ದೆ” ಎಂದಳು.

ಮಗಳಿಗೆ ನೆತ್ತಿಗೇರಿತು. “ನೋಡಿದ್ಯಾ? ನೋಡಿಯೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ? ಒಂದೇ ಒಂದು ಮಾತು ಅಂದಿದ್ರೆ ಸಾಕಿತ್ತಲ್ಲಮ್ಮಾ! ‘ಬಿಡ್ರೀ, ಅವಳು ಓಡಿಸ್ತಾಳೆ’ ಅಂತ! ಹನ್ನೆರಡು ವರ್ಷ ನಾನು ಬಸ್ಸಿಗೆ ಜೋತುಬಿದ್ದು...”

ಉತ್ತರ ಬರಲೇಬೇಕೆಂದು ಅವಳು ಪಕ್ಕಕ್ಕೆ ತಿರುಗಿದಳು.

ಅಮ್ಮ ನಿದ್ದೆಹೋಗಿದ್ದಳು. ಕತ್ತು ವಾಲಿ, ಬಾಯಿ ತುಸು ತೆರೆದು, ಕೈಗಳು ಮಡಿಲಿನಿಂದ ಜಾರಿದ್ದವು. ಮೂವತ್ತೈದು ವರ್ಷ ಡ್ರೈವಿಂಗ್ ಮೇಷ್ಟ್ರ ಕಾರಿನಲ್ಲಿ ಓಡಾಡಿದವಳು. ಅಲ್ಲಿ ಒಂದು ದಿನವೂ ಕಣ್ಣು ಮುಚ್ಚಿದ್ದನ್ನು ಮಗಳು ಕಂಡಿರಲಿಲ್ಲ.

ಎದುರಿಗೆ ಎರಡನೆಯ ಹಂಪು ಬಂತು. ಅವಳ ಕಾಲು ಒಂದು ಕ್ಷಣ ತಾನೇ ನಿಂತು ಯೋಚಿಸಿತು. ಆಮೇಲೆ ಗೇರ್ ಇಳಿಸಿ, ಮುಂದಿನ ಚಕ್ರವನ್ನು ಹತ್ತಿಸಿ ಇಳಿಸಿದಳು, ಹಿಂದಿನದನ್ನೂ ಹಾಗೆಯೇ. ಹಿಂದೆ ಸದ್ದಿಲ್ಲ. “ನಿನಗೋಸ್ಕರ ಅಲ್ಲ” ಎಂದು ಕನ್ನಡಿಗೆ ಮೆಲ್ಲಗೆ ಹೇಳಿದಳು. ಮಿಕ್ಕ ಐದು ಹಂಪುಗಳೂ ಹೀಗೆಯೇ ಹೋದವು. ಅವಳ ಸಿಟ್ಟು ಮಾತ್ರ ಇಳಿದಿರಲಿಲ್ಲ.

ಸ್ಮಶಾನದ ಗೇಟಿನೊಳಗೆ ವ್ಯಾನು ನಿಂತಾಗ ಹಿಂದಿನ ಕಾರುಗಳಿಂದ ಜನ ಇಳಿದರು. ಚಿಕ್ಕಪ್ಪ ಹಿಂಬಾಗಿಲು ಬಡಿಯಲು ಕೈಯೆತ್ತಿದ. ಅವಳು ಕಿಟಕಿಯಿಂದ ತಲೆ ಹೊರಹಾಕಿ ತುಟಿಯ ಮೇಲೆ ಬೆರಳಿಟ್ಟಳು.

“ಅಮ್ಮ ಮಲಗಿದಾಳೆ.”

“ಹೊತ್ತಾಯ್ತಲ್ಲೇ. ಅಣ್ಣನ್ನ ಇಳಿಸ್ಬೇಕು.”

“ಕಾಯ್ಲಿ.”

ಚಿಕ್ಕಪ್ಪ ಕೈಯಿಳಿಸಿದ. ಶಿಷ್ಯರು ಒಬ್ಬೊಬ್ಬರಾಗಿ ಬಂದು, ಜಲ್ಲಿಯ ಮೇಲೆ ಸದ್ದಾಗದಂತೆ ಹೆಜ್ಜೆಯಿಟ್ಟು, ವ್ಯಾನಿನ ಸುತ್ತ ಕೈಕಟ್ಟಿ ನಿಂತರು. ತೆರೆದ ಕಿಟಕಿಯಿಂದ ಅಮ್ಮನ ಗೊರಕೆ ಕೇಳಿಸುತ್ತಿತ್ತು.