ಮುದ್ರಿಸಬಹುದು

ಒಂದು ಅಲ್ಪವಿರಾಮ ಎಲ್ಲಿ ಕೂರಬೇಕು ಎಂಬುದು ಆ ಮನೆಯಲ್ಲಿ ಏಳು ವಾರ ಇತ್ಯರ್ಥವಾಗದೆ ಉಳಿದ ಗುರುತರ ಪ್ರಶ್ನೆಯಾಗಿತ್ತು. ದೇಶ ದೇಶಗಳ ಗಡಿ ಇದಕ್ಕಿಂತ ಬೇಗ ತೀರ್ಮಾನವಾದದ್ದುಂಟು. ಬೆಳಿಗ್ಗೆ ಅಪ್ಪ ಕನ್ನಡಕ ಒರೆಸಿ ಕೆಂಪು ಪೆನ್ನಿನ ಮುಚ್ಚಳ ತೆಗೆದರೆಂದರೆ ಅಡುಗೆಮನೆಯಲ್ಲಿ ಮಿಕ್ಸಿ ಕೂಡ ತಿರುಗುವಂತಿರಲಿಲ್ಲ.

ಅಪ್ಪ ಅಚ್ಚುಕೂಟವೊಂದರಲ್ಲಿ ನಲವತ್ತು ವರ್ಷ ಕರಡು ತಿದ್ದಿದವರು. ಅಲ್ಲಿನವರು ಇಟ್ಟ ಅಡ್ಡಹೆಸರು ಅರ್ಕಾವೊತ್ತು: ಬರೆಯುವಾಗ ಅಕ್ಷರದ ಹಿಂದೆ ನಿಂತು, ಓದುವಾಗ ಮಾತ್ರ ಮೊದಲೇ ಕೇಳಿಸುವ ಗುರುತು. ಎಲ್ಲರ ಹಿಂದೆ ನಡೆಯುವ ಅಪ್ಪನ ಕೆಮ್ಮು ಎಲ್ಲರಿಗಿಂತ ಮುಂಚೆ ಒಳಗೆ ಬರುತ್ತಿತ್ತು. ಎಂಬತ್ತೊಂದರ ವಯಸ್ಸಿನಲ್ಲೂ ಔಷಧಿಯ ಡಬ್ಬಿ ಕೈಗೆ ಕೊಟ್ಟರೆ ಮೊದಲು ಅದರ ಮೇಲಿನ ಕಾಗುಣಿತ ನೋಡಿ, ಆಮೇಲೆ ಮಾತ್ರೆ ನುಂಗುತ್ತಿದ್ದರು.

ಈಗ ಅವರ ಕೈಯಲ್ಲಿದ್ದುದು ಅವರದೇ ಉಯಿಲಿನ ಕರಡು.

ಅದನ್ನು ಬರೆಸು ಎಂದು ಕೇಳಲು ಮಗಳಿಗೆ ಎರಡು ವರ್ಷ ಹಿಡಿದಿತ್ತು. ಅಮ್ಮ ತೀರಿಹೋದ ಮೇಲೆ ಬಂದು ಹನ್ನೊಂದು ವರ್ಷ ಅಪ್ಪನ ಜೊತೆಗಿದ್ದವಳು. ಮದುವೆ ಎಂಬುದು ಆಗ ಈಗ ಎನ್ನುತ್ತ ಎಲ್ಲೋ ಹಿಂದೆ ಉಳಿದಿತ್ತು. ಅಪ್ಪನ ನಂತರ ಅವಳಿಗೆ ಸೂರು ಎಂದರೆ ಈ ಎರಡು ಕೋಣೆಯ ಮನೆಯೊಂದೇ. ಆದರೂ ಆ ಮಾತು ಗಂಟಲಿಗೆ ಬಂದಾಗಲೆಲ್ಲ, ಬದುಕಿರುವವರನ್ನು ಯಾವಾಗ ಹೊರಡುತ್ತೀರಿ ಎಂದು ಕೇಳಿದಂತಾಗಿ, ಸಾರಿಗೇನು ಹಾಕಲಿ ಎಂದು ಕೇಳಿ ಎದ್ದುಹೋಗುತ್ತಿದ್ದಳು. ಕೊನೆಗೆ ಒಂದು ದಿನ ಅಪ್ಪನ ಕಾಲುಗುರು ಕತ್ತರಿಸುತ್ತ, ಮುಖ ನೋಡದೆ ಕೇಳಿಬಿಟ್ಟಳು.

"ಅಷ್ಟೇನಾ? ನಿನಗೆಲ್ಲೋ ಗಂಡು ಸಿಕ್ಕಿದನೇನೋ ಅಂದ್ಕೊಂಡೆ," ಎಂದರು ಅಪ್ಪ.

ವಕೀಲೆ ಕರಡು ತಂದುಕೊಟ್ಟಾಗ ಮಗಳು ಕೆಲಸದಲ್ಲಿದ್ದಳು. ಅವಳದು ರಕ್ತ ಪರೀಕ್ಷೆಯ ಲ್ಯಾಬು. ಜಗಳವೆಲ್ಲ ಒಂದೇ ಸಾಲಿನದು: 'ಈ ಮನೆಯನ್ನು, ನನ್ನ ಮುಪ್ಪಿನಲ್ಲಿ ನನ್ನನ್ನು ನೋಡಿಕೊಂಡ ನನ್ನ ಮಗಳಿಗೆ ಬಿಟ್ಟಿದ್ದೇನೆ.'

"'ಮನೆಯನ್ನು' ಆದ ಮೇಲೆ ಈ ಬಾಲ ಯಾಕೆ? ಅಲ್ಪವಿರಾಮ ಹಾಕಿದ್ರೆ ಓದೋನು ಅಲ್ಲಿ ನಿಲ್ತಾನೆ. ಅವನು ನಿಂತ ಕಡೆ ಇನ್ನೊಬ್ಬ ಬಂದು ಕೂತ್ಕೋತಾನೆ."

"ಯಾರಪ್ಪ ಬಂದು ಕೂತ್ಕೊಳ್ಳೋದು?"

"ನಿಮ್ಮಣ್ಣ. ಚಿಕ್ಕಂದಿನಿಂದ ಅವನಿಗೆ ಕಿಟಕಿ ಪಕ್ಕದ ಸೀಟೇ ಬೇಕು."

"ತೆಗೆದುಬಿಡು ಹಾಗಾದ್ರೆ."

"ತೆಗೆದ್ರೆ ಸಾಲಿಗೆ ಉಸಿರು ಕಟ್ಟುತ್ತೆ ಕಣೇ."

ತೆಗೆದರು, ಹಾಕಿದರು, ಮತ್ತೆ ತೆಗೆದರು. ಹಾಳೆಗೆ ದಡಾರ ಎದ್ದಂತಾಯಿತು. ಏಳನೆಯ ವಾರದ ಭಾನುವಾರ ಅಪ್ಪ ಒಂದೇ ಗೀಟಿನಲ್ಲಿ ಕಗ್ಗಂಟು ಬಿಡಿಸಿದರು. 'ನನ್ನ ಮುಪ್ಪಿನಲ್ಲಿ ನನ್ನನ್ನು ನೋಡಿಕೊಂಡ' ಎಂಬಷ್ಟನ್ನೂ ಹೊಡೆದು ಹಾಕಿದರು.

ಅವಳಿಗೆ ಚುರುಕ್ಕೆಂದಿತು. ಹನ್ನೊಂದು ವರ್ಷ ಆ ಗೀಟಿನ ಕೆಳಗಿತ್ತು.

"ಅದನ್ಯಾಕೆ ಹೊಡೆದೆ?"

"ನೋಡಿಕೊಂಡಿದ್ದಕ್ಕೆ ಕೊಟ್ಟೆ ಅಂದ್ರೆ ಅದು ಸಂಬಳ ಆಯ್ತು. ನೀನೇನು ನರ್ಸಾ? ಮಗಳು. ಮಗಳು ಅನ್ನೋದಕ್ಕೆ ವಿಶೇಷಣ ಬೇಡ."

'ಈ ಮನೆಯನ್ನು ನನ್ನ ಮಗಳಿಗೆ ಬಿಟ್ಟಿದ್ದೇನೆ.' ಅಲ್ಪವಿರಾಮ ತಾನಾಗಿಯೇ ಉದುರಿ ಹೋಗಿತ್ತು. ಅಪ್ಪ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿ, ಅಂಚಿನಲ್ಲಿ 'ಮುದ್ರಿಸಬಹುದು' ಎಂದು ಬರೆದು, ತಾರೀಖು ಹಾಕಿ, ಕೆಳಗೆ ತಮ್ಮ ಚಿಕ್ಕ ರುಜು ಹಾಕಿದರು. ನಲವತ್ತು ವರ್ಷ ಆ ಒಂದು ಮಾತಿಗೆ ಯಂತ್ರಗಳು ಶುರುವಾಗುತ್ತಿದ್ದವು.

"ಮುಗೀತು. ಇನ್ನು ಇದರಲ್ಲಿ ಹುಡುಕಿದ್ರೂ ತಪ್ಪು ಸಿಗಲ್ಲ. ಬೀರುವಿನಲ್ಲಿ ಇಡು."

ಇಟ್ಟಳು. ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು. ವಕೀಲೆಗೆ ಒಂದು ಮಾತು ಹೇಳಬೇಕೆಂದು ಎರಡು ಸಲ ಫೋನು ಕೈಗೆತ್ತಿಕೊಂಡಳು. ಅಪ್ಪ ಎದುರಿಗೇ ಕೂತು ಪೇಪರಿನ ತಪ್ಪುಗಳಿಗೆ ಸುತ್ತು ಹಾಕುತ್ತಿದ್ದರು. ಇನ್ನೂ ಅವಸರ ಮಾಡಿದಂತಾಗುತ್ತದೆಂದು ಕೆಳಗಿಟ್ಟಳು.

ನಾಲ್ಕು ತಿಂಗಳಿಗೆ ಅಪ್ಪ ಹೋದರು. ಆಸ್ಪತ್ರೆಯ ಚೀಟಿಯಲ್ಲಿ ಅವರ ಹೆಸರಿಗೆ ಒಂದು ಒತ್ತು ತಪ್ಪಿತ್ತು. ತಿದ್ದುವವರಿರಲಿಲ್ಲ.

ವಕೀಲೆ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದಳು. ಮತ್ತೆ ಮುಂಬದಿ ನೋಡಿದಳು.

"ಇದು ಕರಡು ಮೇಡಂ. ಚೊಕ್ಕ ಪ್ರತಿ ತರ್ತೀನಿ, ಇಬ್ಬರು ಸಾಕ್ಷಿಗಳ ಮುಂದೆ ರುಜು ಆಗಬೇಕು, ಅವರೂ ಹಾಕಬೇಕು ಅಂತ ಇದನ್ನ ಕೊಟ್ಟ ದಿನವೇ ನಿಮ್ಮ ತಂದೆಗೆ ಹೇಳಿದ್ದೆ. 'ನನ್ನೊಬ್ಬನ ರುಜು ಮೇಲೆ ಲಕ್ಷ ಪಠ್ಯಪುಸ್ತಕ ಅಚ್ಚಾಗಿದೆಯಮ್ಮ' ಅಂದ್ರು. ತಮಾಷೆ ಅಂದ್ಕೊಂಡೆ."

"ಅಕ್ಷರ ಅಪ್ಪಂದೇ."

"ಗೊತ್ತು. ಆದ್ರೆ ಸಾಕ್ಷಿಗಳಿಲ್ಲ. ನಡೆಯಲ್ಲ."

ಮಗಳು ವಾದ ಮಾಡಲಿಲ್ಲ. ಲ್ಯಾಬಿನಲ್ಲಿ ಹೆಸರಿನ ಚೀಟಿ ಇಲ್ಲದ ಟ್ಯೂಬನ್ನು ದಿನವೂ ಅವಳೇ ವಾಪಸು ಕಳಿಸುತ್ತಿದ್ದಳು. ನನ್ನದೇ ರಕ್ತ ಕಣಮ್ಮ ಎಂದು ಎದುರಿಗೆ ನಿಂತು ತೋಳು ತೋರಿಸಿದವರಿಗೂ, ಇರಬಹುದು, ತಗೊಳ್ಳೋಕೆ ಬರಲ್ಲ ಎಂದೇ ಹೇಳಿದ್ದಳು.

ಟೈರ್ ಅಂಗಡಿ ನಡೆಸುತ್ತಿದ್ದ ಅವಳ ಅಣ್ಣ ಆ ಸಾಲನ್ನು ಬೆರಳಿಟ್ಟು ಓದಿದ. ಕಪ್ಪು ಹಿಡಿದ ಬೆರಳು ಹೊಡೆದು ಹಾಕಿದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಅಪ್ಪ ಸರಿಯಾಗಿ ಬರೆದಿಟ್ಟಿದ್ರೆ ನಾನು ಕಮಕ್ ಕಿಮಕ್ ಅಂತಿರಲಿಲ್ಲ ಕಣೇ."

"ಸರಿಯಾಗೇ ಬರೆದಿದ್ದಾರೆ. ಎಲ್ಲಿ, ಒಂದು ತಪ್ಪು ತೋರ್ಸು."

ಅಣ್ಣನಿಗೆ ತೋರಿಸಲಾಗಲಿಲ್ಲ. ಕಣ್ಣೊರೆಸಿಕೊಂಡ. "ನನಗೂ ಎರಡು ಮಕ್ಕಳಿದ್ದಾವೆ," ಎಂದ, ಅವಳ ಮುಖ ನೋಡದೆ.

ಮನೆ ಇಬ್ಬರಿಗೂ ಸಮಪಾಲಾಯಿತು. ಅಣ್ಣನ ಪಾಲು ಕೊಳ್ಳುವಷ್ಟು ಅವಳಲ್ಲಿರಲಿಲ್ಲ. ಮನೆ ಮಾರಿದರು. ಅವಳು ಲ್ಯಾಬಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು.